ಅಕ್ಕನ ಓರಗಿತ್ತಿಯ ಇಂಕ್ ಪ್ಯಾಡುಗಳು

ಈ ಸಲ ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಮಗಳು ಕಡೂರಿನ ಪೇಟೆಯಿಂದ ಪುಟ್ಟ ಪುಟ್ಟ ಇಂಕ್ ಪ್ಯಾಡುಗಳನ್ನು ತಂದಳು. ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕವು. ಗೆಳತಿಯರಿಗೆ ಎಳ್ಳು ಬೀರುವಾಗ ಜೊತೆಗೆ ಕೈಯಲ್ಲೇ ಮಾಡಿದ ಒಂದೊಂದು ಶುಭಾಶಯದ ಕಾರ್ಡು ಕೊಡಬೇಕಂತೆ. ನಾನು ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಾ ಕೂತಿದ್ದೆ. ಅವಳು ಎದುರಿಗೆ ಕೂತು ಒಂದು ಪ್ಯಾಡಿನ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಬಂತು. ಒಂಚೂರು ಸ್ಪಿರಿಟ್ಟಿನ ಘಾಟು, ಒಂಚೂರು ಸಿಹಿ, ಒಂಚೂರು ತಾಲ್ಲೂಕು ಕಚೇರಿ... ಈಳಿಗೆಮಣೆಯ ಮೇಲೆ ಕೈ ಹಾಗೇ ನಿಂತಿತು.

ಅದು ನನಗೆ ಒಬ್ಬರ ಕೈಯ ವಾಸನೆ. ನನ್ನ ಅಕ್ಕನ ಓರಗಿತ್ತಿಯ ಕೈ. ಅಂದರೆ ಅಕ್ಕನ ಗಂಡನ ಅಣ್ಣನ ಹೆಂಡತಿ. ನನಗೆ ಅವರು ನೇರವಾಗಿ ಏನೂ ಆಗಬೇಕಾಗಿರಲಿಲ್ಲ. ಆದರೂ ಅವರ ಮೇಲೆ ಪಟ್ಟಷ್ಟು ಹೊಟ್ಟೆಕಿಚ್ಚನ್ನು ನಾನು ಈ ಜನ್ಮದಲ್ಲಿ ಇನ್ಯಾರ ಮೇಲೂ ಪಟ್ಟಿಲ್ಲ. ಹಾಗಂತ ನಾನೇನು ಸಾಧು ಹಸುವಲ್ಲ. ಪಕ್ಕದ ಮನೆಯವರ ಒಗ್ಗರಣೆ ನಮ್ಮದಕ್ಕಿಂತ ಘಮ್ಮೆಂದರೂ ಮೂಗು ಮುರಿಯುವವಳೇ. ಆದರೆ ಅದೆಲ್ಲ ಗಳಿಗೆ ಹೊತ್ತಿನದು, ಊಟ ಮುಗಿಯುವಷ್ಟರಲ್ಲಿ ಮರೆತಿರುತ್ತೇನೆ. ಇದನ್ನು ಇಪ್ಪತ್ತು ವರ್ಷ ಮೇಲಾದರೂ ಮರೆತಿಲ್ಲ.

ನಮ್ಮದು ಅಜ್ಜಂಪುರ. ಅಪ್ಪ ಪೇಟೆಯಲ್ಲಿ ಕೊಬ್ಬರಿ ಅಂಗಡಿ ಇಟ್ಟಿದ್ದರು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನನಗೆ ಜಡೆ ಹೆಣೆದವಳು ಅವಳು, ಅಕ್ಷರ ತಿದ್ದಿಸಿದವಳು ಅವಳು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವಳೂ ಅವಳೇ. ಅಮ್ಮ ನನ್ನನ್ನು ಹೆತ್ತಳು, ಸಾಕಿದ್ದು ಅಕ್ಕ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಸಂಕ್ರಾಂತಿ ಬಂತೆಂದರೆ ನಾವಿಬ್ಬರೂ ನಡುಮನೆಯಲ್ಲಿ ಬೋರಲು ಮಲಗಿ ಕಾರ್ಡು ಮಾಡುತ್ತಿದ್ದೆವು. ಹನ್ನೆರಡು ಬಣ್ಣದ ಸ್ಕೆಚ್ ಪೆನ್ನಿನ ಡಬ್ಬಿ ಇತ್ತು, ಹನ್ನೆರಡನ್ನೂ ಬಳಸದಿದ್ದರೆ ನನಗೆ ಸಮಾಧಾನವಿಲ್ಲ. ಕಬ್ಬಿಗೆ ಹಸಿರು, ಸೂರ್ಯನಿಗೆ ಹಳದಿ, ಹಸುವಿನ ಕೋಡಿಗೆ ಕೆಂಪು, ಉಳಿದ ಜಾಗಕ್ಕೆಲ್ಲ ಮಿಂಚುಪುಡಿ. ಅಕ್ಕ ಅದನ್ನು ದೂರ ಹಿಡಿದು ನೋಡಿ, ಎಷ್ಟು ಚೆಂದ ಮಾಡಿದೀಯೇ ಎನ್ನುತ್ತಿದ್ದಳು. ನನಗೆ ಅಷ್ಟೇ ಬೇಕಾಗಿದ್ದದ್ದು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅವಳನ್ನು ತರೀಕೆರೆಗೆ ಕೊಟ್ಟರು. ಆ ಮನೆಯಲ್ಲಿ ಆಗಲೇ ಒಬ್ಬ ಹಿರಿಸೊಸೆ ಇದ್ದಾಳೆ, ಎರಡು ಜಡೆ ಒಂದು ಕಡೆ ಸೇರುವುದಿಲ್ಲ, ನನ್ನ ಮಗಳು ಹೇಗೆ ಏಗುತ್ತಾಳೋ ಎಂದು ಅಮ್ಮ ಚಿಂತೆ ಮಾಡುತ್ತಿದ್ದಳು. ನಾನು ಮಾತ್ರ ಒಳಗೊಳಗೇ ಹರಕೆ ಹೊತ್ತಿದ್ದೆ. ಸೇರದೇ ಇರಲಿ ದೇವರೇ, ದಿನಾ ಜಗಳವಾಗಲಿ, ಅಕ್ಕ ಮುಖ ಊದಿಸಿಕೊಂಡು ತಿಂಗಳಿಗೊಮ್ಮೆ ಅಜ್ಜಂಪುರಕ್ಕೆ ಬರಲಿ ಎಂದು.

ದೇವರು ನನ್ನ ಮಾತು ಕೇಳಲಿಲ್ಲ. ಮದುವೆಯಾದ ಮೊದಲ ಸಂಕ್ರಾಂತಿಗೆ ಅಕ್ಕನ ಕಾರ್ಡು ಅಂಚೆಯಲ್ಲಿ ಬಂತು. ಯಾರದೋ ಲಗ್ನಪತ್ರಿಕೆಯ ಖಾಲಿ ಬೆನ್ನನ್ನು ಕತ್ತರಿಸಿ ಮಾಡಿದ ದಪ್ಪ ಕಾರ್ಡು. ಒಂದೇ ಬಣ್ಣ, ನೇರಳೆ. ಮುಂದೆ ಒಂದು ಸಾಲು ಕಬ್ಬು, ಅದರ ಹಿಂದೆ ಗುಡ್ಡ, ಗುಡ್ಡದ ಹಿಂದೆ ಅದಕ್ಕಿಂತ ತೆಳುವಾದ ಗುಡ್ಡ, ಅದರಾಚೆ ಇದೆಯೋ ಇಲ್ಲವೋ ಎನ್ನುವಂತೆ ಮತ್ತೊಂದು. ತರೀಕೆರೆಯಿಂದ ಬೆಳಗಿನ ಹೊತ್ತು ಕೆಮ್ಮಣ್ಣುಗುಂಡಿಯ ಕಡೆ ನೋಡಿದರೆ ಹೇಗೆ ಕಾಣುತ್ತದೋ ಹಾಗೇ ಇತ್ತು. ಒಳಗೆ ನಾಲ್ಕು ಸಾಲು ಬರೆದಿದ್ದಳು. ಮೂರು ಸಾಲು ಓರಗಿತ್ತಿಯ ಮೇಲೆ. ಇದನ್ನು ಹೇಳಿಕೊಟ್ಟವರು ಅವರು, ಅವರ ಕೈ ಅಂದರೆ ಕೈ, ಅವರನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ ಎಂದು. ಕೊನೆಯ ಸಾಲಿನಲ್ಲಿ, ಚೆನ್ನಾಗಿ ಓದಿಕೋ ಎಂದು ನನಗೆ.

ಅಕ್ಕನಿಗೂ ಒಬ್ಬ ಅಕ್ಕ ಸಿಕ್ಕಿದ್ದಳು. ಹಾಗಾದರೆ ಇನ್ನು ತಂಗಿ ಯಾಕೆ ಬೇಕು?

ಆ ಕಾರ್ಡನ್ನು ನಾನು ಹರಿದು ಹಾಕಲೂ ಇಲ್ಲ, ಗೋಡೆಗೆ ಅಂಟಿಸಲೂ ಇಲ್ಲ. ಒಂದೇ ಪ್ಯಾಡಿನಿಂದ ಮೂರು ಥರದ ನೇರಳೆ ಹೇಗೆ ಬಂತು ಎನ್ನುವುದು ತಲೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ಕೇಳಿ ಬರೆದರೆ ಆಯಿತು, ಆದರೆ ಕೇಳುವುದೇ? ನೀರು ಬೆರೆಸಿದರೆ ತೆಳುವಾಗುತ್ತದೆ ಎಂದು ನನ್ನ ಬುದ್ಧಿ ಹೇಳಿತು. ಅಪ್ಪನ ಅಂಗಡಿಯ ಸ್ಟಾಂಪ್ ಪ್ಯಾಡಿಗೆ ಅರ್ಧ ಲೋಟ ನೀರು ಸುರಿದೆ. ಬಟ್ಟೆ ಪೂರಿಯ ಹಾಗೆ ಉಬ್ಬಿತು, ಮಸಿ ಹರಿದು ಗಲ್ಲಾಪೆಟ್ಟಿಗೆಯ ಮೇಲೆಲ್ಲ ನೇರಳೆಯಾಯಿತು. ಅಪ್ಪನ ಕೈಯಲ್ಲಿ ಬೈಸಿಕೊಂಡೆ. ಆ ಬೈಗುಳವನ್ನೂ ನಾನು ಅಕ್ಕನ ಓರಗಿತ್ತಿಯ ತಲೆಗೇ ಕಟ್ಟಿದೆ.

ಬೇಸಿಗೆ ರಜೆಯಲ್ಲಿ ತರೀಕೆರೆಗೆ ಹೋದಾಗ ಅವರನ್ನು ಸರಿಯಾಗಿ ನೋಡಿದೆ. ತೆಳ್ಳಗೆ, ಎಣ್ಣೆಗಪ್ಪು ಬಣ್ಣ, ನಕ್ಕರೆ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ. ಬಾಯಲ್ಲಿ ಅವರು ಅವರು ಎನ್ನುತ್ತಿದ್ದೆ, ಮನಸ್ಸಿನಲ್ಲಿ ಅವಳು. ಕಡೂರಿನಲ್ಲಿ ಅವರ ತಂದೆ ಕಚೇರಿಗಳಿಗೆ ರಬ್ಬರ್ ಸ್ಟಾಂಪು ಮಾಡಿಕೊಡುವ ಪುಟ್ಟ ಅಂಗಡಿ ಇಟ್ಟಿದ್ದರಂತೆ. ಮದುವೆಯಾಗಿ ಬರುವಾಗ ಅಲ್ಲಿಂದ ಐದು ಚಿಕ್ಕ ಪ್ಯಾಡುಗಳನ್ನು ತಂದುಕೊಂಡಿದ್ದರು. ನೇರಳೆ, ಕೆಂಪು, ನೀಲಿ, ಹಸಿರು, ಕಪ್ಪು. ಗುಂಡನೆಯ ತಗಡಿನ ಡಬ್ಬಿಗಳು. ಮಸಿ ಒಣಗಿದರೆ ತಂದೆ ಸೀಸೆಯಲ್ಲಿ ಕಳಿಸಿಕೊಡುತ್ತಿದ್ದರು. ಅಚ್ಚುಗಳು ಮಾತ್ರ ಅವರೇ ಮಾಡಿಕೊಂಡವು. ಮಕ್ಕಳು ಬಳಸುವ ರಬ್ಬರನ್ನು ಅರ್ಧ ಬ್ಲೇಡಿನಿಂದ ಕೆತ್ತಿ ಕಬ್ಬು, ಗುಡ್ಡ, ಹಕ್ಕಿ, ತೆಂಗಿನ ಗರಿ ಮಾಡಿಟ್ಟಿದ್ದರು.

ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ ಇಬ್ಬರು ಸೊಸೆಯರೂ ಹಿತ್ತಲ ಜಗುಲಿಯಲ್ಲಿ ಕೂರುತ್ತಿದ್ದರು. ಒಂದು ಕಾರ್ಡಿಗೆ ಒಂದೇ ಬಣ್ಣ, ಅದು ಅವರ ಕಟ್ಟುನಿಟ್ಟು. ಒಂದು ಮಸಿ ಮುಟ್ಟಿದ ಅಚ್ಚು ಇನ್ನೊಂದು ಪ್ಯಾಡಿಗೆ ತಾಗಿದರೆ ಪ್ಯಾಡು ಕೆಟ್ಟಂತೆಯೇ. ನಾನು ದೂರದಲ್ಲಿ ಕಂಬಕ್ಕೆ ಒರಗಿ, ನೋಡಿಯೂ ನೋಡದವಳ ಹಾಗೆ ಕೂತಿದ್ದೆ. ಅವರೇ ಕರೆದು ತೋರಿಸಿದರು.

"ಮಸಿ ಒಂದೇ ಸಲ ಮುಟ್ಟಿಸ್ಬೇಕು ಕಣಮ್ಮ. ಮೊದಲು ಒತ್ತಿದ್ದು ಹತ್ತಿರದ ಗುಡ್ಡ. ಮತ್ತೆ ಮಸಿ ಮುಟ್ಟಿಸ್ದೆ ಒತ್ತಿದ್ರೆ ದೂರದ್ದು. ಮೂರನೇದು ಇನ್ನೂ ದೂರ."

ಇಷ್ಟೇ! ನಾನು ಮೂರು ತಿಂಗಳು ತಲೆ ಕೆಡಿಸಿಕೊಂಡದ್ದನ್ನು ಅವರು ಕೇಳದೆಯೇ ಕೊಟ್ಟುಬಿಟ್ಟರು. ಬಚ್ಚಿಟ್ಟುಕೊಂಡಿದ್ದರೆ ನನಗೆ ಸಂತೋಷವಾಗುತ್ತಿತ್ತು, ಬೈದುಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಮರುದಿನ ಬೆಳಿಗ್ಗೆ ಜಡೆ ಹಾಕು ಎಂದು ಅಕ್ಕನ ಮುಂದೆ ಬಾಚಣಿಗೆ ಹಿಡಿದು ಕೂತೆ. ಅವಳು ರೊಟ್ಟಿ ತಟ್ಟುತ್ತಿದ್ದಳು, ಅಕ್ಕ ಹಾಕ್ತಾರೆ ಹೋಗು ಎಂದಳು. ಅವರು ನನ್ನ ಕೂದಲನ್ನು ಎಷ್ಟು ಮೆತ್ತಗೆ ಬಿಡಿಸಿದರೆಂದರೆ ಒಂದು ಸಲವೂ ಎಳೆಯಲಿಲ್ಲ. ಅಕ್ಕ ಎಳೆಯುತ್ತಿದ್ದಳು. ಸಂಜೆಯ ತನಕ ನನ್ನ ತಲೆಯಲ್ಲಿ ಆ ಮಸಿಯ ವಾಸನೆ...

ಅವತ್ತೇ ಮಧ್ಯಾಹ್ನ ಮನೆಯವರೆಲ್ಲ ಅಡ್ಡಾಗಿದ್ದಾಗ ನಾನು ಹಕ್ಕಿಯ ಅಚ್ಚನ್ನು ಕೆಂಪು ಪ್ಯಾಡಿನಲ್ಲಿ ಚೆನ್ನಾಗಿ ಅದ್ದಿ, ಹಸಿರು ಪ್ಯಾಡಿನ ನಡುಮಧ್ಯಕ್ಕೆ ಒತ್ತಿದೆ. ಒಂದು ಸಲವಲ್ಲ, ಹತ್ತು ಸಲ. ಹಸಿರಿನ ಮೇಲೆ ಕೊಳೆತ ಎಲೆಯಂಥ ಮಚ್ಚೆ ಬಿತ್ತು. ಮುಚ್ಚಳ ಹಾಕಿ ಮಲಗಲು ಹೋದೆ. ನಿದ್ದೆಯೂ ಚೆನ್ನಾಗಿ ಬಂತು.

ಊರಿಗೆ ಬಂದ ಹದಿನೈದು ದಿನಕ್ಕೆ ಅಕ್ಕನದೊಂದು ಕಾರ್ಡು ಬಂತು. ಆ ಕೆಟ್ಟ ಪ್ಯಾಡಿಗೆ ಇನ್ನಷ್ಟು ಕೆಂಪು ಹಾಕಿ ಪೂರ್ತಿ ಬೆರೆಸಿಬಿಟ್ಟಿದ್ದರು ಅವರು. ಕೆಮ್ಮಣ್ಣಿನಂಥ ಬಣ್ಣ ಬಂದಿತ್ತು. ಅದರಲ್ಲಿ ಉತ್ತ ಹೊಲ, ಸಾಲುಸಾಲು ನೇಗಿಲ ಗೆರೆ, ದೂರ ಹೋದಂತೆ ತೆಳ್ಳಗೆ. ಯಾವ ಅಂಗಡಿಯಲ್ಲೂ ಸಿಗದ ಬಣ್ಣ ನೋಡು ಎಂದು ಅಕ್ಕ ಬರೆದಿದ್ದಳು. ಮಗು ಕೈ ತಪ್ಪಿ ತಾಗಿಸಿದೆ, ಏನೂ ಅನ್ನಬೇಡ ಎಂದು ಅವರು ಹೇಳಿದರಂತೆ. ಅದನ್ನು ಓದಿ ನಾನು ನಾಚಬೇಕಾಗಿತ್ತು. ನಾಚಲಿಲ್ಲ. ಗಂಟಲಿಗೆ ಕಡುಬು ಸಿಕ್ಕಿದ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ ಕೂತೆ.

ಹೀಗೇ ಮೂರು ವರ್ಷ. ನಾನು ಪಿಯುಸಿಗೆ ಬಂದೆ. ಅಕ್ಕ ಬಸುರಿಯಾದಳು. ಅಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೀಮಂತ ನಮ್ಮ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದು ದಿನ ಗೊತ್ತುಮಾಡಿದಳು. ಇಲ್ಲಿ ಒಂದು ಮಾತು ಹೇಳಬೇಕು. ಅಕ್ಕನ ಓರಗಿತ್ತಿಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಮಡಿಲು ತುಂಬುವ ಶಾಸ್ತ್ರಕ್ಕೆ ಅಂಥವರನ್ನು ಮುಂದೆ ಬಿಡಬಾರದು ಎನ್ನುವ ಹೆಂಗಸರು ನಮ್ಮ ಕೇರಿಯಲ್ಲೂ ಇದ್ದರು. ಅಮ್ಮ ಅಂಥವಳಲ್ಲ. ಅವರು ಬರಲೇಬೇಕು, ನನ್ನ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವರು ಅವರು ಎಂದು ಬಸ್ಸಿನಲ್ಲಿ ತರೀಕೆರೆ ಮುಟ್ಟುವವರೆಗೂ ಹೇಳುತ್ತಲೇ ಇದ್ದಳು.

ನಮ್ಮ ಕಡೆ ಬಾಯಿಮಾತಿನಲ್ಲಿ ಕರೆದರೆ ಕರೆದಂತಲ್ಲ. ಮನೆಗೆ ಹೋಗಿ, ಒಬ್ಬೊಬ್ಬ ಹೆಂಗಸಿನ ಹಣೆಗೂ ಕುಂಕುಮ ಇಟ್ಟು ಬನ್ನಿ ಎನ್ನಬೇಕು. ಅತ್ತೆಗೆ ಇಟ್ಟರೆ ಸೊಸೆಗೆ ಇಟ್ಟ ಹಾಗಾಗುವುದಿಲ್ಲ. ಅಮ್ಮ ಅಕ್ಕನ ಅತ್ತೆಯ ಜೊತೆ ಮಾತಿಗೆ ಕೂತವಳು, ಕುಂಕುಮದ ಭರಣಿಯನ್ನು ನನ್ನ ಕೈಗೆ ಕೊಟ್ಟು, ಎಲ್ಲರಿಗೂ ಇಟ್ಟು ಬಾ ಎಂದಳು. ಅತ್ತೆಗೆ ಇಟ್ಟೆ. ಪಕ್ಕದ ಮನೆಯಿಂದ ಬಂದಿದ್ದ ಇಬ್ಬರಿಗೂ ಇಟ್ಟೆ. ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ಹಿತ್ತಲ ಜಗುಲಿಗೆ ಹೋದೆ.

ಅವರು ಕೆಂಪು ಪ್ಯಾಡು ತೆರೆದಿಟ್ಟುಕೊಂಡು ಸೀಮಂತಕ್ಕೆ ಕಾರ್ಡು ಮಾಡುತ್ತಿದ್ದರು. ಹೊಸದಾಗಿ ತೊಟ್ಟಿಲಿನ ಅಚ್ಚು ಕೆತ್ತಿದ್ದರು. ಒಂದು ತೊಟ್ಟಿಲು ಗಾಢವಾಗಿ, ಪಕ್ಕದಲ್ಲಿ ತೆಳುವಾಗಿ ಇನ್ನೊಂದು, ಇನ್ನೂ ತೆಳುವಾಗಿ ಮತ್ತೊಂದು, ತೂಗುತ್ತಿರುವ ಹಾಗೆ. ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ. ಕೆಳಗೆ ಬರೆದಿದ್ದರು, "ನನ್ನ ತಂಗಿಗೆ".

ತಂಗಿ. ಇದ್ದ ಒಂದು ಪದವನ್ನೂ ಎತ್ತಿಕೊಂಡರಲ್ಲ... ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ತಲೆ ಎತ್ತಿ ನೋಡಿದರು. ನನ್ನ ಕೈಯಲ್ಲಿದ್ದ ಭರಣಿ ಕಂಡು ಮುಖ ಅರಳಿತು. ಎದ್ದು ಸೆರಗಿಗೆ ಬೆರಳು ಒರೆಸಿಕೊಂಡರು, ಮುಂಗುರುಳು ಹಿಂದೆ ತಳ್ಳಿದರು, ಇಡಿಸಿಕೊಳ್ಳಲು ಹಣೆಯನ್ನು ಚೂರು ಮುಂದೆ ಬಾಗಿಸಿದರು. ನಾನು ಭರಣಿಯ ಮುಚ್ಚಳ ಹಾಕಿದೆ. ಬಸ್ಸಿಗೆ ಹೊತ್ತಾಯ್ತು, ಅಮ್ಮ ಕರೀತಿದಾರೆ ಎಂದು ಹೇಳಿ ತಿರುಗಿ ಬಂದುಬಿಟ್ಟೆ. ನನ್ನಾಣೆಗೂ ಹೇಳುತ್ತೇನೆ, ಅವರಿಗೆ ಮಕ್ಕಳಿಲ್ಲ ಎನ್ನುವುದು ಆ ಕ್ಷಣ ನನ್ನ ತಲೆಯಲ್ಲಿ ಇರಲೇ ಇಲ್ಲ. ಬಸ್ಸಿನಲ್ಲಿ ಅಮ್ಮ, ಎಲ್ಲರಿಗೂ ಇಟ್ಟೆ ತಾನೇ ಎಂದು ಕೇಳಿದಳು. ಹ್ಞೂಂ ಎಂದೆ.

ಸೀಮಂತದ ದಿನ ತರೀಕೆರೆಯಿಂದ ಎಲ್ಲರೂ ಬಂದರು, ಅವರೊಬ್ಬರು ಬರಲಿಲ್ಲ. ಅತ್ತೆಯ ಕೈಯಲ್ಲಿ ಕಾರ್ಡು ಕಳಿಸಿದ್ದರು. ಎರಡು ದಿನ ಮುಂಚೆಯೇ ನಮ್ಮ ಮನೆಗೆ ಬಂದಿದ್ದ ಅಕ್ಕ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು, ಅದನ್ನು ತೆರೆದು ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಅಕ್ಕ ಎಲ್ಲಿ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ದನಿ ತಗ್ಗಿಸಲೂ ಇಲ್ಲ.

"ಅವಳಿಗೆ ಕುಂಕುಮ ಇಟ್ಟು ಕರೀಲಿಲ್ವಂತೆ. ಕರೀದೆ ಹೆಂಗವ್ವ ಬತ್ತಾಳೆ?"

ಅಮ್ಮ ನನ್ನ ಮುಖ ನೋಡಿದಳು. ಒಂದೇ ಸಲ. ಆಮೇಲೆ ಅಕ್ಕನ ಕಡೆ ತಿರುಗಿ, ಗಡಿಬಿಡಿಯಲ್ಲಿ ನಾನೇ ಮರೆತೆ ಎಂದಳು. ಯಾರೂ ನಂಬಲಿಲ್ಲ. ನನ್ನ ಹಿಂದೆ ಕೂತಿದ್ದ ಹೆಂಗಸೊಬ್ಬಳು, ಮರೆತಿದ್ದಲ್ಲ, ಮಾಡಿದ್ದೇ ಸರಿ, ಬಂಜೆ ನೆರಳು ಬೀಳಬಾರದು ಎಂದು ಪಿಸುಗುಟ್ಟಿದಳು. ಆಗ ನನಗೆ ಗೊತ್ತಾಯಿತು ನಾನೇನು ಮಾಡಿದ್ದೇನೆಂದು. ಎದ್ದು ನಿಂತು ಹೇಳಬಹುದಾಗಿತ್ತು. ಎದ್ದು ನಿಂತು ಏನೆಂದು ಹೇಳುವುದು? ಒಂದು ಕಾರ್ಡು ನೋಡಿ ಹೊಟ್ಟೆ ಉರಿಯಿತು ಎಂದೇ? ನಾನು ಕೋಸಂಬರಿ ಬಡಿಸಲು ಹೋದೆ.

ಅಮ್ಮ ಆಮೇಲೂ ನನ್ನನ್ನು ಒಂದು ಮಾತು ಕೇಳಲಿಲ್ಲ. ತೊಟ್ಟಿಲು ಶಾಸ್ತ್ರಕ್ಕೆ ತಾನೇ ಹೋಗಿ ಅವರ ಹಣೆಗೆ ಕುಂಕುಮ ಇಟ್ಟು, ಕೈ ಹಿಡಿದು ಕರೆದು ಬಂದಳು. ಅವರು ಬಂದರು. ಬಾಗಿಲ ಪಕ್ಕದಲ್ಲೇ ಕೂತರು. ಅಕ್ಕ ಮಗುವನ್ನು ತಂದು ಅವರ ಮಡಿಲಿಗೆ ಹಾಕಲು ಹೋದಾಗ, ಬೇಡ, ಕೈಯೆಲ್ಲ ಮಸಿಯಾಗಿದೆ ಎಂದರು. ಅವರ ಕೈ ತೊಳೆದು ಮಡಗಿದ ತಟ್ಟೆಯ ಹಾಗಿತ್ತು, ನಾನು ನೋಡಿದೆ. ಅಕ್ಕನೂ ನೋಡಿದಳು. ಅಕ್ಕ ಆಮೇಲೆ ಎರಡು ವರ್ಷ ಅಮ್ಮನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಆ ಮೇಲಿನ ಸಂಕ್ರಾಂತಿಗೆ ಕಾರ್ಡು ಬರಲಿಲ್ಲ. ಮತ್ತೆ ಯಾವತ್ತೂ ಬರಲಿಲ್ಲ. ಅವರು ಪ್ಯಾಡುಗಳನ್ನು ತೆಗೆದಿಟ್ಟುಬಿಟ್ಟರೆಂದು ಅಕ್ಕ ಯಾವಾಗಲೋ ಹೇಳಿದಳು. ಮುಂದೆ ಅಣ್ಣತಮ್ಮಂದಿರು ಬೇರೆಯಾದಾಗ ಅವರ ಪಾಲಿಗೆ ಪಂಚನಹಳ್ಳಿ ಕಡೆಯ ತೆಂಗಿನ ತೋಟ ಬಂತು, ಅಲ್ಲಿಗೇ ಹೋದರು. ಅಕ್ಕ ಮಾತ್ರ ವರ್ಷಕ್ಕೆ ನಾಲ್ಕು ಸಲವಾದರೂ ಅಲ್ಲಿಗೆ ಹೋಗಿ ಇದ್ದು ಬರುತ್ತಿದ್ದಳು. ದಾರಿಯಲ್ಲೇ ಇರುವ ಕಡೂರಿನಲ್ಲಿ ನನ್ನ ಮನೆ, ನನ್ನ ಮನೆಗೆ ಎರಡು ಸಲ. ಎಣಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನನ್ನ ಮದುವೆಯಾಗಿ ಕೆಲವು ವರ್ಷಕ್ಕೆ, ಆಗ ಅಮ್ಮ ತೀರಿಕೊಂಡಿದ್ದಳು, ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ ಅವರು ಸಿಕ್ಕಿದರು. ಪಂಚನಹಳ್ಳಿಯ ಬಸ್ಸಿಗೆ ಕಾಯುತ್ತಿದ್ದರು. ಕೂದಲು ನೆರೆತಿತ್ತು, ಕೆನ್ನೆಯ ಗುಳಿ ಹಾಗೇ ಇತ್ತು. ನನ್ನ ಮಗಳನ್ನು ನೋಡಿ ನಕ್ಕರು, ಆದರೆ ಎತ್ತಿಕೊಳ್ಳಲಿಲ್ಲ. ನಾನು ಹೇಳಿಬಿಡಬೇಕು, ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿರುವಾಗ ಅವರೇ ಅಮ್ಮನ ಮಾತು ತೆಗೆದರು.

"ನಿಮ್ಮಮ್ಮನ ಮೇಲೆ ನನಗೇನೂ ಬೇಜಾರಿರ್ಲಿಲ್ಲ ಕಣಮ್ಮ. ಚೊಚ್ಚಲ ಬಸುರಿ ಅಂದ್ರೆ ಹೆತ್ತೋರಿಗೆ ಭಯ ಇರ್ತದೆ. ನಾನಾದ್ರೂ ಹಂಗೇ ಮಾಡ್ತಿದ್ನೇನೋ."

ತಪ್ಪು ಮಾಡದವಳನ್ನು, ಇಲ್ಲದ ತಪ್ಪಿಗೆ, ಕ್ಷಮಿಸಿಬಿಟ್ಟಿದ್ದರು. ನನಗೆ ಏನೂ ಉಳಿಸಿರಲಿಲ್ಲ. ನನ್ನ ಬಾಯಿ ತೆರೆಯಿತು, ನಿಜವಾಗಿಯೂ ತೆರೆಯಿತು... ಬಸ್ಸು ಬಂತು. ಜನ ನುಗ್ಗಿದರು. ಅವರು ಚೀಲ ಸೆರಗು ಎಲ್ಲ ಸಾವರಿಸಿಕೊಂಡು, ಬತ್ತೀನಮ್ಮ ಎಂದು ಹತ್ತಿ ಹೋದರು. ಮುಂದಿನ ಬಸ್ಸಿಗೆ ಹೋಗಿ ಎಂದು ನಾನು ಒಂದು ಮಾತು ಹೇಳಬಹುದಾಗಿತ್ತು.

ಹೋದ ವರ್ಷ ಅವರು ತೀರಿಕೊಂಡರು. ಕೊನೆಯ ಎರಡು ವಾರ ಅಕ್ಕ ಅಲ್ಲೇ ಇದ್ದು ನೋಡಿಕೊಂಡಳು. ನಾನು ಮಣ್ಣಿಗೆ ಹೋಗಿ ಬಂದೆ.

ಸಂಕ್ರಾಂತಿ ಕಳೆದ ಮರುದಿನ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಮಗಳು ಸ್ಕೂಲಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ಹೇಳಿದೆ. ಭರಣಿಯ ಮುಚ್ಚಳ ಹಾಕಿದ್ದು, ಬಸ್ಸಿನಲ್ಲಿ ಹ್ಞೂಂ ಎಂದದ್ದು, ಅಮ್ಮ ನನ್ನ ತಪ್ಪನ್ನು ಹೊತ್ತುಕೊಂಡದ್ದು, ಎಲ್ಲ. ಅಕ್ಕ ಕಾಫಿ ಲೋಟ ಕೆಳಗಿಟ್ಟಳು. ನಾನು ಚಿಕ್ಕವಳಾಗಿದ್ದೆ, ಅವರಿಗೆ ಮಕ್ಕಳಿಲ್ಲವೆಂದು ಹಾಗೆ ಮಾಡಿದ್ದಲ್ಲ ಎಂದು ಏನೇನೋ ಬಡಬಡಿಸಿದೆ.

"ಆವತ್ತು ಅಕ್ಕ ರೇಷ್ಮೆ ಸೀರೆ ಉಟ್ಕೊಂಡು ಕೂತಿದ್ಲಂತೆ," ಎಂದಳು ಅಕ್ಕ. "ಎಲ್ರೂ ಬಸ್ಸಿಗೆ ಹೋದ್ಮೇಲೂ. ಅಜ್ಜಂಪುರದಿಂದ ಯಾರಾದ್ರೂ ಓಡಿಬಂದು ಕರೀತಾರೇನೋ ಅಂತ ಸಂಜೆ ತನಕ ಬಿಚ್ಚಲಿಲ್ವಂತೆ. ಸಾಯೋಕೆ ನಾಕು ದಿನ ಮುಂಚೆ ಹೇಳಿದ್ಲು."

ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡಳು.

"ಇದನ್ನ ನನಗ್ಯಾಕೆ ಹೇಳ್ತೀಯ? ಅವಳಿಗೆ ಹೇಳ್ಬೇಕಿತ್ತು ಕಣೇ. ನಿಮಗೆ ಮಕ್ಕಳಿಲ್ಲ ಅಂತ ಅಲ್ಲ, ನನಗೆ ಹೊಟ್ಟೆಕಿಚ್ಚು ಅಂತ. ಅಷ್ಟೇ ಸಾಕಾಗ್ತಿತ್ತು ಅವಳಿಗೆ."

ಊಟ ಮಾಡದೆ ಹೊರಟಳು. ನಾನು ಹಿಂದೆಯೇ ಬಸ್ ಸ್ಟ್ಯಾಂಡಿಗೆ ಹೋದೆ. ತರೀಕೆರೆಯ ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ಅಳುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು, ಜನ ನೋಡುತ್ತಾರೆನ್ನುವ ಪರಿವೆಯೂ ಇಲ್ಲದೆ. ಅಮ್ಮ ಸತ್ತಾಗಲೂ ಅವಳು ಹೀಗೆ ಅತ್ತಿರಲಿಲ್ಲ. ನಾನು ಕೆಳಗೆ ನಿಂತಿದ್ದೆ, ನನ್ನ ಕಡೆ ತಿರುಗಲಿಲ್ಲ. ಬಸ್ಸು ಹೊರಟಿತು.

ಇಪ್ಪತ್ತು ದಿನವಾಯಿತು, ಅಕ್ಕನ ಫೋನಿಲ್ಲ. ನಾನು ಮಾಡಿದರೆ ಎತ್ತುವುದಿಲ್ಲ. ನಾನು ಮಾಡಿದ್ದು ತಪ್ಪು, ಅದಕ್ಕೆ ಇನ್ನು ಕ್ಷಮೆ ಕೇಳಲು ಆ ಪುಣ್ಯಾತ್ಗಿತ್ತಿ ಇಲ್ಲ, ಅದೆಲ್ಲ ನನಗೆ ಗೊತ್ತಿದೆ. ರಾತ್ರಿ ಹಗಲು ಅದೇ ಕೊರಗು. ಆದರೆ ಸುಳ್ಳು ಹೇಳಿ ಸಾಕಾಗಿದೆ, ಇದೊಂದನ್ನೂ ಹೇಳಿಬಿಡುತ್ತೇನೆ. ಅವತ್ತು ಕಿಟಕಿಯಲ್ಲಿ ಅಕ್ಕ ಅಳುತ್ತಿದ್ದದ್ದು ಅವರಿಗಾಗಿ. ನಾನು ಸತ್ತರೆ ಇವಳು ಹೀಗೆ ಅಳುತ್ತಾಳಾ ಎಂದುಕೊಂಡೆ, ಮತ್ತೆ ಹೊಟ್ಟೆ ಉರಿಯಿತು.